ಬೆಟ್ಟಾ ಮೀನಿನ ತೊಟ್ಟಿಗೆ ಯಾವ ನೀರು? ಕಾವೇರಿ, ಕೊಳವೆಬಾವಿ, ಆರ್‌ಓ ಕುರಿತ ಚರ್ಚೆ

ಬೆಳ್ಳಿಚುಕ್ಕಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನೀಲಿ ಬಣ್ಣದ, ಉದ್ದ ಬಾಲದ ಒಂದು ಗಂಡು ಬೆಟ್ಟಾ ಇದೆ. ಅಂಗಡಿಯವರು ಫೈಟರ್ ಎಂದು ಕರೆಯುವ ಮೀನು. ಅದು ಇರುವುದು ಸುಮಾರು ಐದು ಲೀಟರ್ ಹಿಡಿಯುವ ಗಾಜಿನ ಬಟ್ಟಲಿನಲ್ಲಿ. ಪ್ರತಿ ಭಾನುವಾರ ಮೀನನ್ನು ಲೋಟಕ್ಕೆ ತೆಗೆದು, ಬಟ್ಟಲನ್ನೂ ಕಲ್ಲುಗಳನ್ನೂ ಚೆನ್ನಾಗಿ ತಿಕ್ಕಿ ತೊಳೆದು, ಪೂರ್ತಿ ಹೊಸ ನೀರು ತುಂಬುತ್ತೇವೆ. ಇಷ್ಟು ಶುಚಿಯಾಗಿಟ್ಟರೂ ನೀರು ಬದಲಿಸಿದ ಮೇಲೆ ಒಂದೆರಡು ದಿನ ಅದು ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ತಳದಲ್ಲೇ ಮಲಗಿರುತ್ತದೆ. ಚೇತರಿಸಿಕೊಳ್ಳುವ ಹೊತ್ತಿಗೆ ಮುಂದಿನ ಭಾನುವಾರ ಬಂದಿರುತ್ತದೆ. ಈಚೆಗೆ ಬಾಲದ ಅಂಚು ಹರಿದಂತೆ ಕಾಣುತ್ತಿದೆ.

ನಮ್ಮ ಅಪಾರ್ಟ್‌ಮೆಂಟಿನ ಸಂಪಿಗೆ ಕಾವೇರಿ ನೀರೂ ಕೊಳವೆಬಾವಿಯ ನೀರೂ ಸೇರಿ ಬರುತ್ತವೆ, ಬೇಸಿಗೆಯಲ್ಲಿ ಟ್ಯಾಂಕರ್ ನೀರೂ ಸೇರುತ್ತದೆ. ನೀರಿನಲ್ಲಿ ಕರಗಿರುವ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ ಕೆಲವೊಮ್ಮೆ 300, ಕೆಲವೊಮ್ಮೆ 900 ತೋರಿಸುತ್ತದೆ. ಅಂಗಡಿಯವರು ಕುಡಿಯುವ ಆರ್‌ಓ ನೀರನ್ನೇ ಹಾಕಿ ಎನ್ನುತ್ತಾರೆ. ಹಾಗೆ ಮಾಡಬಹುದೇ? ನೀರನ್ನು ಎಷ್ಟು ದಿನಕ್ಕೊಮ್ಮೆ, ಎಷ್ಟು ಬದಲಿಸಬೇಕು?

ಕೆರೆದಂಡೆ, ಮೈಸೂರು

ಮೀನು ಸೊರಗುತ್ತಿರುವುದು ನೀರು ಬದಲಿಸಿದ ಬೆನ್ನಿಗೇ ಎಂಬ ಅಂಶವನ್ನು ನೀವು ಗಮನಿಸಿ ಬರೆದದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಕಾರಣ ಇರುವುದು ಅಲ್ಲಿಯೇ. ವಾರವಿಡೀ ಬಟ್ಟಲಿನೊಳಗೆ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ.

ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯವನ್ನು ಹೊರಹಾಕುತ್ತಿರುತ್ತದೆ. ತಿನ್ನದೆ ಉಳಿದ ಆಹಾರ ಮತ್ತು ಹಿಕ್ಕೆ ಕೊಳೆತಾಗಲೂ ಅದೇ ಅಮೋನಿಯ ಉಂಟಾಗುತ್ತದೆ. ನೆಲೆಗೊಂಡ ತೊಟ್ಟಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಈ ಅಮೋನಿಯವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ಬಹಳಷ್ಟು ನಿರಪಾಯಕಾರಿಯಾದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಿಕೊಂಡಿರುವುದು ತೀರ ಕಡಿಮೆ. ಅವು ಸ್ಪಂಜು, ಕಲ್ಲು, ಗಾಜು, ಗಿಡದ ಎಲೆಗಳ ಮೇಲೆ ತೆಳುವಾದ ಪದರವಾಗಿ ಬೆಳೆಯುತ್ತವೆ, ಅದೂ ಬಹಳ ನಿಧಾನವಾಗಿ. ಹೊಸ ತೊಟ್ಟಿಯಲ್ಲಿ ಈ ಪದರ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಪ್ರತಿ ಭಾನುವಾರ ಕಲ್ಲುಗಳನ್ನು ತಿಕ್ಕಿ ತೊಳೆದಾಗ ಆ ಪದರ ಹೋಗುತ್ತದೆ, ಮತ್ತೆ ಆರಂಭದಿಂದ ಶುರುವಾಗಬೇಕಾಗುತ್ತದೆ. ಹೀಗಾಗಿ ನಿಮ್ಮ ಮೀನು ವಾರದ ಕೊನೆಯ ದಿನಗಳನ್ನು ಅಮೋನಿಯದಲ್ಲಿಯೂ, ವಾರದ ಮೊದಲ ದಿನಗಳನ್ನು ಪೂರ್ತಿ ಅಪರಿಚಿತವಾದ ನೀರಿನಲ್ಲಿಯೂ ಕಳೆಯುತ್ತಿದೆ. ಟಿಡಿಎಸ್ 300 ಇದ್ದ ನೀರಿನಿಂದ 900 ಇರುವ ನೀರಿಗೆ ಒಂದೇ ಕ್ಷಣದಲ್ಲಿ ಸ್ಥಳಾಂತರಗೊಂಡ ಮೀನು ತನ್ನ ದೇಹದೊಳಗಿನ ಲವಣ ಮತ್ತು ನೀರಿನ ಸಮತೋಲವನ್ನು ಮತ್ತೆ ಹೊಂದಿಸಿಕೊಳ್ಳಬೇಕು. ರೆಕ್ಕೆ ಮುದುರಿಕೊಂಡು ಮಲಗುವುದು ಆ ಆಯಾಸದ ಲಕ್ಷಣ.

ಬೆಟ್ಟಾ ಗಾಳಿಯನ್ನು ನೇರವಾಗಿ ಉಸಿರಾಡಬಲ್ಲದು; ಅದಕ್ಕಾಗಿ ಅದರ ತಲೆಯಲ್ಲಿ ಲ್ಯಾಬಿರಿಂತ್ ಎಂಬ ವಿಶೇಷ ಅಂಗವಿದೆ. ಆಮ್ಲಜನಕ ಕಡಿಮೆಯಿರುವ ನೀರಿನಲ್ಲೂ ಅದು ಬದುಕುವುದರಿಂದಲೇ ಸಣ್ಣ ಪ್ಲಾಸ್ಟಿಕ್ ಲೋಟದಲ್ಲಿಟ್ಟು ಮಾರುವ ಪದ್ಧತಿ ಬಂದಿದೆ. ಆದರೆ ಅಮೋನಿಯ ಸುಡುವುದು ಕಿವಿರುಗಳನ್ನು, ಮತ್ತು ಲ್ಯಾಬಿರಿಂತ್ ಅಂಗ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಕಿವಿರುಗಳಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಸ್ವಲ್ಪ ನೀರಿನಲ್ಲಿ ಉಸಿರಾಡಬಲ್ಲದು ಎಂಬುದನ್ನು ಸ್ವಲ್ಪ ನೀರು ಸಾಕು ಎಂದು ತಿಳಿಯುವುದರಿಂದ ಎಷ್ಟೋ ಮೀನುಗಳು ಅಕಾಲದಲ್ಲಿ ಸಾಯುತ್ತಿವೆ. ಈ ವಿಷಯದಲ್ಲಿ ನನಗೆ ನಿಜವಾದ ಸಂಕಟವಿದೆ, ಆದ್ದರಿಂದ ಸ್ವಲ್ಪ ಒತ್ತಿ ಹೇಳುತ್ತಿದ್ದೇನೆ.

ಸಾಧ್ಯವಾದರೆ 20 ಲೀಟರಿನ ತೊಟ್ಟಿ, ಮೆಲ್ಲಗೆ ಗಾಳಿ ಬಿಡುವ ಒಂದು ಸ್ಪಂಜ್ ಫಿಲ್ಟರ್, ಒಂದು ಮುಚ್ಚಳ ಇವಿಷ್ಟನ್ನು ತನ್ನಿ. ಜೊತೆಗೆ ಅಮೋನಿಯ, ನೈಟ್ರೈಟ್ ಮತ್ತು ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಂಕಿ) ಅಳೆಯುವ ದ್ರವರೂಪದ ಪರೀಕ್ಷಾ ಕಿಟ್ ಬೇಕು. ಕೊಳವೆಬಾವಿಯ ನೀರಿನ ಪಿಎಚ್ಚನ್ನು ನಲ್ಲಿಯಿಂದ ಹಿಡಿದ ಕೂಡಲೇ ಅಳೆಯಬೇಡಿ. ಅದರಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಹೊರಟುಹೋದ ಮೇಲೆ ಪಿಎಚ್ ಏರುತ್ತದೆ. ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಅನಂತರ ಅಳೆದರೆ ನಿಜವಾದ ಅಂಕಿ ಸಿಗುತ್ತದೆ.

ಬೆಳ್ಳಿಚುಕ್ಕಿ, ಬೆಂಗಳೂರು

ಕಿಟ್ ತಂದು ನೋಡಿದೆ. ಒಂದು ದಿನ ಬಿಟ್ಟ ಸಂಪಿನ ನೀರಿನ ಪಿಎಚ್ 8ರ ಹತ್ತಿರ ಇದೆ. ಶನಿವಾರ ಬಟ್ಟಲಿನ ನೀರಿನಲ್ಲಿ ಅಮೋನಿಯ 1 ಪಿಪಿಎಂ (ಲೀಟರಿಗೆ ಒಂದು ಮಿಲಿಗ್ರಾಂ) ತೋರಿಸಿತು. ಇದು ಎಷ್ಟು ಗಂಭೀರ?

ಕೆರೆದಂಡೆ, ಮೈಸೂರು

ಗಂಭೀರವೇ. ಕಿಟ್ ತೋರಿಸುವುದು ಒಟ್ಟು ಅಮೋನಿಯವನ್ನು. ಅದರಲ್ಲಿ ಒಂದು ಭಾಗ ಅಮೋನಿಯಂ ರೂಪದಲ್ಲಿರುತ್ತದೆ, ಅದರ ವಿಷತ್ವ ಬಹಳ ಕಡಿಮೆ. ಉಳಿದದ್ದು ಕಿವಿರನ್ನು ದಾಟಿ ಒಳಹೋಗುವ ಮುಕ್ತ ಅಮೋನಿಯ. ಎರಡರ ಪಾಲನ್ನು ನಿರ್ಧರಿಸುವುದು ಪಿಎಚ್ ಮತ್ತು ಉಷ್ಣತೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ಮುಕ್ತ ರೂಪದ ಪಾಲು ಶೇಕಡಾ 0.6ರಷ್ಟು, ಪಿಎಚ್ 8 ಆದರೆ ಅದು ಶೇಕಡಾ 5ನ್ನು ದಾಟುತ್ತದೆ. ಒಂದೇ 1 ಪಿಪಿಎಂ ಅಂಕಿ ಪಿಎಚ್ 7ರ ಮೆದು ನೀರಿನ ಮನೆಯಲ್ಲಿ ಎಚ್ಚರಿಕೆಯಷ್ಟೇ ಆಗಿದ್ದರೆ, ನಿಮ್ಮಂತೆ ಪಿಎಚ್ 8ರ ಗಡಸು ನೀರಿನ ಮನೆಯಲ್ಲಿ ಸುಮಾರು ಒಂಬತ್ತು ಪಟ್ಟು ಕೆಟ್ಟದಾಗಿರುತ್ತದೆ. ಬೇರೆ ಊರಿನವರು ತಮ್ಮ ಮೀನು ಚೆನ್ನಾಗಿದೆ ಎಂದು ಹೇಳುವ ಪದ್ಧತಿ ನಿಮ್ಮ ಮನೆಯಲ್ಲಿ ಕೆಲಸ ಮಾಡದಿರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಬೇರೆಯವರ ವೇಳಾಪಟ್ಟಿಯನ್ನು ಅನುಸರಿಸುವ ಮೊದಲು ನಿಮ್ಮ ನಲ್ಲಿಯ ನೀರು ಯಾವ ಬಗೆಯದು ಎಂದು ತಿಳಿದುಕೊಳ್ಳಬೇಕು. ನನ್ನ ಮಾತಿನ ಒಟ್ಟು ತಿರುಳು ಇಷ್ಟೇ.

ಮಣ್ಣಿನಹರಿವಾಣ, ದಾವಣಗೆರೆ

ಮೇಲಿನವರ ವಿಜ್ಞಾನದ ಬಗ್ಗೆ ನನಗೆ ತಕರಾರಿಲ್ಲ, ಆದರೆ ಒಂದು ಮಾತನ್ನು ಸೇರಿಸಬೇಕು. ನಾನು ಬೆಟ್ಟಾ ಮರಿ ಮಾಡಿಸುವವನು. ಗಂಡುಗಳು ಒಂದನ್ನೊಂದು ಹರಿದುಹಾಕುವುದರಿಂದ ಬೆಳೆದ ಗಂಡುಗಳನ್ನು ಬೇರೆ ಬೇರೆ ಜಾಡಿಗಳಲ್ಲಿ ಇಡಲೇಬೇಕು. ಥಾಯ್ಲೆಂಡಿನ ದೊಡ್ಡ ಸಾಕಣೆದಾರರೂ ಹಾಗೆಯೇ ಸಾಲು ಸಾಲು ಜಾಡಿ, ಬಾಟಲಿಗಳಲ್ಲಿ ಇಡುತ್ತಾರೆ. ಆ ದೇಶ 2019ರಲ್ಲಿ ಬೆಟ್ಟಾವನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿದೆ. ಅಲ್ಲಿನವರಿಗೆ ಈ ಮೀನು ತಿಳಿಯದು ಎನ್ನಲಾಗದು. ಆದ್ದರಿಂದ ಪೂರ್ತಿ ನೀರು ಬದಲಿಸುವುದೇ ತಪ್ಪು ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ.

ಕೆರೆದಂಡೆ, ಮೈಸೂರು

ನಿಮ್ಮ ಮಾತು ನಿಜ. ಆದರೆ ನೀವು ಜಾಡಿಯ ನೀರನ್ನು ಎಷ್ಟು ದಿನಕ್ಕೊಮ್ಮೆ ಬದಲಿಸುತ್ತೀರಿ, ಆ ನೀರನ್ನು ಎಲ್ಲಿಂದ ತರುತ್ತೀರಿ ಎಂಬುದನ್ನೂ ದಯವಿಟ್ಟು ತಿಳಿಸಿ.

ಮಣ್ಣಿನಹರಿವಾಣ, ದಾವಣಗೆರೆ

ದಿನ ಬಿಟ್ಟು ದಿನ, ಮರಿಗಳಿಗೆ ದಿನವೂ. ನೀರು ಯಾವಾಗಲೂ ಒಂದೇ ಡ್ರಮ್ಮಿನದು. ಬಾದಾಮಿ ಎಲೆ ಹಾಕಿ, ಗಾಳಿಯಾಡಿಸಿ, ಎರಡು ದಿನ ನಿಲ್ಲಿಸಿದ್ದು. ಜಾಡಿಗಳೂ ಡ್ರಮ್ಮೂ ಒಂದೇ ಕೋಣೆಯಲ್ಲಿರುವುದರಿಂದ ಉಷ್ಣತೆಯಲ್ಲಿ ವ್ಯತ್ಯಾಸವಿರುವುದಿಲ್ಲ. ನೀವು ಎಲ್ಲಿಗೆ ಬರುತ್ತಿದ್ದೀರೆಂದು ಅರ್ಥವಾಯಿತು, ಮತ್ತು ಒಪ್ಪುತ್ತೇನೆ: ಇದು ದಿನನಿತ್ಯದ ದುಡಿಮೆ, ಇದನ್ನು ಮಾಡದೆ ಜಾಡಿಯನ್ನಷ್ಟೇ ಅನುಕರಿಸಿದರೆ ಮೀನು ಉಳಿಯುವುದಿಲ್ಲ. ಮನೆಯಲ್ಲಿ ಒಂದು ಮೀನು ಸಾಕುವವರಿಗೆ ತೊಟ್ಟಿಯೇ ಸುಲಭ.

ಕಡಲಬಾವಿ, ಉಡುಪಿ

ಗಡಸು ನೀರಿನ ಮಾತೇ ನಡೆಯುತ್ತಿರುವುದರಿಂದ ಕರಾವಳಿಯ ಸ್ಥಿತಿಯನ್ನೂ ದಾಖಲಿಸುತ್ತೇನೆ, ಏಕೆಂದರೆ ಇಲ್ಲಿ ಎಲ್ಲವೂ ತಿರುವುಮುರುವು. ನಮ್ಮ ಮುರಕಲ್ಲಿನ ನೆಲದ ಬಾವಿಗಳ ನೀರು ಬಹಳ ಮೆದು, ಸ್ವಲ್ಪ ಆಮ್ಲೀಯ. ಪಿಎಚ್ 6ರ ಆಸುಪಾಸು ಇರುವುದು ಸಾಮಾನ್ಯ. ಕ್ಲೋರಿನ್ ಇಲ್ಲ, ಕಾಡಿನ ಬೆಟ್ಟಾಗಳೂ ಮೆದು ನೀರಿನವೇ ಎಂಬ ಕಾರಣಕ್ಕೆ ಇದು ಅತ್ಯುತ್ತಮ ಎಂದು ನಮ್ಮಲ್ಲಿ ಹಲವರು ಭಾವಿಸುತ್ತಾರೆ. ಆದರೆ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ಬದಲಿಸುವಾಗ ನೀರಿನ ಕ್ಷಾರಗುಣವನ್ನು, ಅಂದರೆ ಪಿಎಚ್ ಬೀಳದಂತೆ ತಡೆಯುವ ಶಕ್ತಿಯನ್ನು, ಖರ್ಚುಮಾಡುತ್ತವೆ: ಒಂದು ಗ್ರಾಂ ಅಮೋನಿಯ ಸಾರಜನಕಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಏಳು ಗ್ರಾಂಗಿಂತ ಹೆಚ್ಚು. ನಮ್ಮ ನೀರಿನಲ್ಲಿ ಆ ಕ್ಷಾರಗುಣದ ದಾಸ್ತಾನು ಮೊದಲೇ ಕಡಿಮೆ. ಅದು ಮುಗಿದ ಕೂಡಲೇ ಪಿಎಚ್ ಇದ್ದಕ್ಕಿದ್ದಂತೆ ಕುಸಿಯುತ್ತದೆ, ಬ್ಯಾಕ್ಟೀರಿಯಾಗಳ ಕೆಲಸ ಹೆಚ್ಚುಕಡಿಮೆ ನಿಲ್ಲುತ್ತದೆ, ಅಮೋನಿಯ ಶೇಖರವಾಗತೊಡಗುತ್ತದೆ. ಪಿಎಚ್ ಕಡಿಮೆಯಿರುವುದರಿಂದ ಅದು ಅಮೋನಿಯಂ ರೂಪದಲ್ಲಿ ಇದ್ದು ಮೀನು ಹೇಗೋ ತಡೆದುಕೊಂಡಿರುತ್ತದೆ. ಆಗ ಯಾರಾದರೂ ಪಿಎಚ್ ಸರಿಪಡಿಸಲೆಂದು ಅಡುಗೆ ಸೋಡಾ ಸುರಿದರೆ ಅಷ್ಟೂ ಅಮೋನಿಯಂ ವಿಷರೂಪಕ್ಕೆ ತಿರುಗಿ ಮೀನು ಗಂಟೆಗಳಲ್ಲಿ ಸಾಯಬಹುದು. ಮೊದಲು ಸ್ವಲ್ಪ ಸ್ವಲ್ಪವಾಗಿ ನೀರು ಬದಲಿಸಿ ಅಮೋನಿಯವನ್ನು ಇಳಿಸಬೇಕು, ಪಿಎಚ್‌ನ ವಿಚಾರ ಆಮೇಲೆ.

ನಮ್ಮ ಕಡೆ ಇದಕ್ಕೆ ಸರಳ ಉಪಾಯವಿದೆ. ಅಡುಗೆಗೆ ತಂದ ಮರುವಾಯಿಯ (ಕಪ್ಪೆಚಿಪ್ಪಿನ) ಚಿಪ್ಪುಗಳನ್ನು ಚೆನ್ನಾಗಿ ಕುದಿಸಿ, ಉಜ್ಜಿ, ಒಣಗಿಸಿ, ಪುಡಿಗಲ್ಲಿನಷ್ಟು ಒಡೆದು ಸಣ್ಣ ಬಟ್ಟೆಚೀಲದಲ್ಲಿ ಕಟ್ಟಿ ಫಿಲ್ಟರಿನ ಪಕ್ಕದಲ್ಲಿಡುತ್ತೇವೆ. ಚಿಪ್ಪೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್; ನೀರು ಆಮ್ಲೀಯವಾದಷ್ಟೂ ಹೆಚ್ಚು ಕರಗುತ್ತದೆ, ಪಿಎಚ್ ಏರಿದಂತೆ ಕರಗುವುದು ನಿಧಾನವಾಗುತ್ತದೆ. 20 ಲೀಟರಿಗೆ ಒಂದು ಚಮಚದಿಂದ ಆರಂಭಿಸಿ ಅಳೆಯುತ್ತಾ ಹೋಗಬೇಕು. ಬೆಂಗಳೂರಿನ ಗಡಸು ನೀರಿನವರಿಗೆ ಇದು ಖಂಡಿತ ಬೇಡ.

ಬೆಳ್ಳಿಚುಕ್ಕಿ, ಬೆಂಗಳೂರು

ಹಾಗಾದರೆ ಆರ್‌ಓ ನೀರಿಗೂ ಇದೇ ತೊಂದರೆ ಬರುವುದಿಲ್ಲವೇ?

ಕಡಲಬಾವಿ, ಉಡುಪಿ

ಬರುತ್ತದೆ, ಇನ್ನೂ ಬೇಗ ಬರುತ್ತದೆ. ಆರ್‌ಓ ಯಂತ್ರ ಲವಣಗಳ ಬಹುಭಾಗವನ್ನು ತೆಗೆದುಬಿಡುತ್ತದೆ. ಅದನ್ನೊಂದನ್ನೇ ಬಳಸಬೇಡಿ, ಸಂಪಿನ ನೀರಿಗೆ ಬೆರೆಸಿ ಬಳಸಿ.

ಕೆರೆದಂಡೆ, ಮೈಸೂರು

ಬೆರೆಸುವ ಕ್ರಮವನ್ನು ಸ್ವಲ್ಪ ವಿವರಿಸುತ್ತೇನೆ. ನಿಮ್ಮ ಸಂಪಿನ ನೀರು ಒಂದೊಂದು ವಾರ ಒಂದೊಂದು ಬಗೆ ಇರುವುದರಿಂದ ಅಳತೆಪಾತ್ರೆಯ ಲೆಕ್ಕ ಸಾಲದು. ಒಂದು ಬಕೆಟ್ಟಿನಲ್ಲಿ ಸಂಪಿನ ನೀರು ತೆಗೆದುಕೊಂಡು, ಟಿಡಿಎಸ್ ಮೀಟರ್ ಹಿಡಿದು, ನಿಮ್ಮ ತೊಟ್ಟಿಯ ಅಂಕಿಗೆ ಹತ್ತಿರ ಬರುವವರೆಗೆ ಆರ್‌ಓ ನೀರು ಸೇರಿಸುತ್ತಾ ಹೋಗಿ. ತೊಟ್ಟಿಯನ್ನು 250ರಿಂದ 300ರ ನಡುವೆ ನಿಲ್ಲಿಸಿಕೊಂಡರೆ ಸಾಕು. ಕಾವೇರಿ ನೀರು ಬಂದ ದಿನ ಬಹುಶಃ ಬೆರೆಸುವ ಅಗತ್ಯವೇ ಇರುವುದಿಲ್ಲ. ಪಿಎಚ್ 6.5ರಿಂದ 7.5ರ ನಡುವೆ ಇರಬೇಕೆಂದು ಎಲ್ಲರೂ ಬರೆಯುತ್ತಾರೆ, ಆದರೆ ಈಗ ಅಂಗಡಿಗಳಲ್ಲಿ ಸಿಗುವ ಬೆಟ್ಟಾಗಳು ತಲೆಮಾರುಗಳಿಂದ ಸಾಕಣೆಯಲ್ಲಿ ಬೆಳೆದವು, ಸ್ಥಿರವಾಗಿದ್ದರೆ 8ರ ಸಮೀಪದಲ್ಲೂ ಆರೋಗ್ಯವಾಗಿರುತ್ತವೆ. ಬಾಟಲಿಯಲ್ಲಿ ಸಿಗುವ ಪಿಎಚ್ ಇಳಿಸುವ ದ್ರವಗಳನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಗಡಸು ನೀರಿನಲ್ಲಿ ಪಿಎಚ್ ಒಮ್ಮೆ ಇಳಿದು ಮತ್ತೆ ಏರುತ್ತದೆ, ಆ ಏರಿಳಿತವನ್ನು ಅನುಭವಿಸುವುದು ಮೀನು.

ಉಪ್ಪು ಬಳಸಿ ನಡೆಸುವ ಮೆದುಕಾರಕ ಯಂತ್ರ ನಿಮ್ಮ ಅಪಾರ್ಟ್‌ಮೆಂಟಿನಲ್ಲಿದೆಯೇ ಎಂದೂ ವಿಚಾರಿಸಿ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ. ಸೋಪಿನ ನೊರೆ ಚೆನ್ನಾಗಿ ಬರುತ್ತದೆಯೇ ಹೊರತು ಟಿಡಿಎಸ್ ಇಳಿಯುವುದಿಲ್ಲ.

ದೂರದೂರು, ಸ್ಯಾನ್‌ಫ್ರಾನ್ಸಿಸ್ಕೊ ಸಮೀಪ

ಇಲ್ಲಿಂದ ಓದುವ ಕನ್ನಡಿಗರಿಗಾಗಿ ಒಂದು ವಿಷಯ. ಊರಿನಲ್ಲಿ ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟರೆ ಕ್ಲೋರಿನ್ ಹೋಗುತ್ತದೆ ಎಂದು ನಾವೆಲ್ಲ ಕಲಿತಿದ್ದೇವೆ. ಸ್ಯಾನ್‌ಫ್ರಾನ್ಸಿಸ್ಕೊ ನಗರದ ನೀರಿನಲ್ಲಿ 2004ರಿಂದ ಕ್ಲೋರಿನ್ನಿಗೆ ಬದಲಾಗಿ ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯ ಸೇರಿ ಆದ ಸಂಯುಕ್ತ) ಬಳಸಲಾಗುತ್ತಿದೆ, ಅಮೆರಿಕದ ಇನ್ನೂ ಅನೇಕ ನಗರಗಳಲ್ಲಿಯೂ ಹಾಗೆಯೇ. ಅದು ಒಂದು ದಿನ ನಿಲ್ಲಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಬರಿಯ ಥಯೊಸಲ್ಫೇಟ್ ಇರುವ ಕ್ಲೋರಿನ್ ನಿವಾರಕ ಹಾಕಿದರೆ ಕ್ಲೋರಿನ್ ಭಾಗ ತೊಲಗಿ ಅಮೋನಿಯ ಉಳಿದುಕೊಳ್ಳುತ್ತದೆ. ಅಮೋನಿಯವನ್ನೂ ಕಟ್ಟಿಹಾಕುವ ನಿವಾರಕವನ್ನೇ ಕೊಳ್ಳಬೇಕು. ನಿಮ್ಮ ನಗರದ ನೀರು ಸರಬರಾಜು ಸಂಸ್ಥೆಯ ವಾರ್ಷಿಕ ಗುಣಮಟ್ಟ ವರದಿಯಲ್ಲಿ ಯಾವುದನ್ನು ಬಳಸುತ್ತಾರೆಂದು ಸ್ಪಷ್ಟವಾಗಿ ಬರೆದಿರುತ್ತದೆ.

ಕೆರೆದಂಡೆ, ಮೈಸೂರು

ಉಪಯುಕ್ತ ಮಾಹಿತಿ. ನಮ್ಮಲ್ಲೂ ಟ್ಯಾಂಕರ್ ನೀರಿಗೆ ಬ್ಲೀಚಿಂಗ್ ಪುಡಿಯನ್ನು ಅಂದಾಜಿನಲ್ಲಿ ಹಾಕುವವರಿದ್ದಾರೆ, ಸಂಪು ತೊಳೆದ ದಿನವಂತೂ ವಾಸನೆಯೇ ಹೇಳುತ್ತದೆ. ಆದ್ದರಿಂದ ಒಂದು ದಿನ ನಿಲ್ಲಿಸಿದ ಮೇಲೂ ಆಂಟಿ-ಕ್ಲೋರಿನ್ ಹನಿ ಹಾಕುವುದು ಕ್ಷೇಮ.

ಹಿತ್ತಲಗಿಡ, ಧಾರವಾಡ

ಯಾರೂ ಇನ್ನೂ ಪ್ರಸ್ತಾಪಿಸದ ಒಂದು ಅಪಾಯವಿದೆ: ಸೊಳ್ಳೆ ಓಡಿಸಲು ಪ್ಲಗ್ಗಿಗೆ ಹಾಕುವ ದ್ರವ, ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ. ಇವುಗಳಲ್ಲಿ ಬಹುಪಾಲು ಪೈರೆಥ್ರಾಯ್ಡ್ ಗುಂಪಿನ ರಾಸಾಯನಿಕಗಳಿರುತ್ತವೆ. ಅವು ನಮಗೆ ಹೆಚ್ಚು ಬಾಧಿಸದಿದ್ದರೂ ಮೀನುಗಳಿಗೆ ಅತ್ಯಲ್ಪ ಪ್ರಮಾಣದಲ್ಲೇ ವಿಷ. ಬೆಟ್ಟಾ ನೀರಿನ ಮೇಲ್ಮೈಗೆ ಬಂದು ಅದೇ ಕೋಣೆಯ ಗಾಳಿಯನ್ನು ನುಂಗುವ ಮೀನು ಎಂಬುದನ್ನು ನೆನೆದರೆ ಆತಂಕ ಇನ್ನೂ ಹೆಚ್ಚುತ್ತದೆ. ಗಾಳಿ ಪಂಪೂ ಆ ಗಾಳಿಯನ್ನೇ ಹೀರಿ ನೀರಿಗೆ ಬಿಡುತ್ತದೆ. ತೊಟ್ಟಿಯಿರುವ ಕೋಣೆಯಲ್ಲಿ ಇವನ್ನು ಬಳಸದೆ ಸೊಳ್ಳೆಪರದೆ ಕಟ್ಟಿಕೊಳ್ಳುವುದು ಒಳ್ಳೆಯದು. ನೀರಿನ ಅಂಕಿಗಳೆಲ್ಲ ಸರಿಯಿದ್ದೂ ಬೆಳಗಾಗುವಷ್ಟರಲ್ಲಿ ಮೀನು ನಡುಗುತ್ತಾ ಬಿದ್ದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಬೆಳ್ಳಿಚುಕ್ಕಿ, ಬೆಂಗಳೂರು

ಇದು ಗೊತ್ತಿರಲಿಲ್ಲ, ಪ್ಲಗ್ಗನ್ನು ಇಂದೇ ಬೇರೆ ಕೋಣೆಗೆ ಒಯ್ಯುತ್ತೇವೆ. ಹೊಸ ತೊಟ್ಟಿ ಬಂದಿದೆ. ಬಾಲದ ವಿಷಯದಲ್ಲಿ ಏನು ಮಾಡಲಿ? ಔಷಧಿ ಬೇಕೇ? ಬಾದಾಮಿ ಎಲೆ ಹಾಕಿದರೆ ವಾಸಿಯಾಗುತ್ತದೆಯೇ?

ಮಣ್ಣಿನಹರಿವಾಣ, ದಾವಣಗೆರೆ

ಮೊದಲು ಅಂಚನ್ನು ಸರಿಯಾಗಿ ನೋಡಿ. ಅಂಚು ಕಪ್ಪಾಗಿ ಅಥವಾ ಕೆಂಪಾಗಿ, ಕರಗಿದಂತೆ ಒಳಗೆ ಸರಿಯುತ್ತಿದ್ದರೆ ಅದು ರೆಕ್ಕೆ ಕೊಳೆಯುವ ಸೋಂಕು. ಒಂದೇ ರಾತ್ರಿಯಲ್ಲಿ ಅರ್ಧಚಂದ್ರದಂತೆ ತುಂಡು ಹೋಗಿದ್ದರೆ ಮೀನು ತಾನೇ ಕಚ್ಚಿಕೊಂಡಿದೆ. ಉದ್ದ ಬಾಲದ ಗಂಡುಗಳು ಬೇಸರದಿಂದಲೋ ಭಾರದಿಂದಲೋ ಹೀಗೆ ಮಾಡುತ್ತವೆ. ನೆಟ್ಟಗೆ ಸೀಳಿದ್ದರೆ ಪ್ಲಾಸ್ಟಿಕ್ ಗಿಡ ತಗುಲಿರಬಹುದು. ಎರಡನೆಯದಕ್ಕೂ ಮೂರನೆಯದಕ್ಕೂ ಔಷಧಿಯೇ ಬೇಡ, ಮೊದಲನೆಯದು ಹಗುರವಾಗಿದ್ದರೆ ಶುದ್ಧವಾದ ಬೆಚ್ಚಗಿನ ನೀರಿನಲ್ಲಿ ತಾನೇ ಮಾಗುತ್ತದೆ. ಹೊಸದಾಗಿ ಬೆಳೆಯುವ ಭಾಗ ಪಾರದರ್ಶಕವಾಗಿ ಕಾಣುತ್ತದೆ, ಅದನ್ನು ನೋಡಿ ಹೆದರಬೇಡಿ. ಅಂಗಡಿಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ಹಳದಿ ಪುಡಿಯನ್ನು ಹಾಕುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ಅದು ಯಾವ ಔಷಧಿ, ಎಷ್ಟು ಪ್ರಮಾಣ ಎಂಬುದು ಕೊಟ್ಟವರಿಗೂ ತಿಳಿದಿರುವುದಿಲ್ಲ, ಪ್ರತಿಜೈವಿಕವಾಗಿದ್ದರೆ ತೊಟ್ಟಿಯ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲಬಹುದು.

ಬಾದಾಮಿ ಎಲೆಯ ಬಗ್ಗೆ ನನಗೆ ಗೌರವವಿದೆ. ನಮ್ಮ ಬೀದಿಗಳಲ್ಲೂ ಶಾಲೆಯ ಅಂಗಳಗಳಲ್ಲೂ ಕೊಡೆಯಂತೆ ಹರಡಿ ನಿಲ್ಲುವ ಕಾಡುಬಾದಾಮಿ ಮರದ, ತಾನಾಗಿ ಉದುರಿದ, ಒಣಗಿ ಕಂದಾದ ಎಲೆಯಾಗಬೇಕು. ಹಸಿರೆಲೆ ಬೇಡ, ವಾಹನಗಳ ಹೊಗೆ ತುಂಬಿದ ರಸ್ತೆಯ ಪಕ್ಕದ್ದೂ ಔಷಧಿ ಸಿಂಪಡಿಸಿದ್ದೂ ಬೇಡ. ತೊಳೆದು 20 ಲೀಟರಿಗೆ ಒಂದು ಎಲೆ ಹಾಕಿದರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿರುವ ಟ್ಯಾನಿನ್ನುಗಳು ಶಿಲೀಂಧ್ರ, ಬ್ಯಾಕ್ಟೀರಿಯಾಗಳನ್ನು ಸ್ವಲ್ಪ ಹತ್ತಿಕ್ಕುತ್ತವೆ, ಬೆಳಕು ಮಂದವಾಗುವುದರಿಂದ ಮೀನು ನಿರಾಳವಾಗುತ್ತದೆ. ಆದರೆ ನಿಮ್ಮ ಗಡಸು ನೀರಿನ ಪಿಎಚ್ಚನ್ನು ಅದು ಗಣನೀಯವಾಗಿ ಇಳಿಸಲಾರದು, ಅಮೋನಿಯವನ್ನಂತೂ ಮುಟ್ಟುವುದೇ ಇಲ್ಲ.

ಕೆರೆದಂಡೆ, ಮೈಸೂರು

ಹೊಸ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ನೆಲೆಗೊಳ್ಳುವವರೆಗೆ ಏನು ಮಾಡಬೇಕೆಂದರೆ: ನಿಮ್ಮ ಹತ್ತಿರದಲ್ಲಿ ಆರೋಗ್ಯವಾದ ಹಳೆಯ ತೊಟ್ಟಿ ಇರುವವರಿದ್ದರೆ ಅವರ ಫಿಲ್ಟರಿನ ಬಳಸಿದ ಸ್ಪಂಜಿನ ಒಂದು ತುಂಡನ್ನು ಕೇಳಿ, ಅದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿಯೇ ತಂದು ನಿಮ್ಮ ಫಿಲ್ಟರಿಗೆ ಕಟ್ಟಿ. ವಾರಗಟ್ಟಲೆ ಕಾಯುವುದು ಇದರಿಂದ ಬಹಳ ತಗ್ಗುತ್ತದೆ. ಮೊದಲ ತಿಂಗಳು ದಿನವೂ ಅಮೋನಿಯ ಅಳೆಯಿರಿ, 0.25 ದಾಟಿದ ದಿನ ಕಾಲುಭಾಗದಿಂದ ಅರ್ಧದವರೆಗೆ ನೀರು ಬದಲಿಸಿ. ಅಮೋನಿಯವೂ ನೈಟ್ರೈಟೂ ಸೊನ್ನೆಯಲ್ಲಿ ನಿಂತ ಮೇಲೆ ವಾರಕ್ಕೊಮ್ಮೆ ಕಾಲುಭಾಗ ಸಾಕು, ತಳದ ಕಸವನ್ನು ಕೊಳವೆಯಿಂದ ಹೀರಿ ತೆಗೆಯುತ್ತಾ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿ ಮಾತ್ರ ಹಿಂಡಬೇಕು, ನಲ್ಲಿಯ ಕೆಳಗೆ ಹಿಡಿಯಬಾರದು.

ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ರಾತ್ರಿಗಳ ಚಳಿ ಈ ಮೀನಿಗೆ ಒಗ್ಗದು. ಥಾಯ್ಲೆಂಡಿನ ಬಯಲಿನ ಬೆಚ್ಚಗಿನ, ಗಿಡ ತುಂಬಿದ, ಆಳವಿಲ್ಲದ ಗದ್ದೆ ಮತ್ತು ಜೌಗಿನ ನೀರಿನ ಮೀನಿದು. 24ರಿಂದ 28 ಡಿಗ್ರಿ ಬೇಕು. 20 ಲೀಟರಿಗೆ 25 ವ್ಯಾಟಿನ, ಉಷ್ಣತೆಯನ್ನು ತಾನೇ ನಿಯಂತ್ರಿಸುವ ಹೀಟರ್ ಸಾಕು. ಮುಚ್ಚಳವೂ ಚಳಿಗಾಲದಲ್ಲಿ ಮುಖ್ಯ, ಏಕೆಂದರೆ ನೀರಿನ ಮೇಲಿನ ಗಾಳಿ ಬೆಚ್ಚಗೂ ತೇವವಾಗಿಯೂ ಇದ್ದರೆ ಅದನ್ನು ನುಂಗುವ ಮೀನಿಗೆ ಹಿತ. ಅಲ್ಲದೆ ಬೆಟ್ಟಾ ಚೆನ್ನಾಗಿ ಹಾರುತ್ತದೆ.

ಹಿತ್ತಲಗಿಡ, ಧಾರವಾಡ

ಗಿಡಗಳನ್ನು ಮರೆಯಬೇಡಿ. ಮನಿ ಪ್ಲಾಂಟಿನ ಒಂದು ಕುಡಿಯ ಬೇರನ್ನು ಮಾತ್ರ ನೀರಿನಲ್ಲಿ ಇಳಿಬಿಟ್ಟರೆ ಅದು ನೈಟ್ರೇಟನ್ನು ಚೆನ್ನಾಗಿ ಹೀರುತ್ತದೆ. ಹೈಡ್ರಿಲ್ಲಾ ನಮ್ಮ ಕೆರೆಗಳಲ್ಲೇ ಇರುವ ಗಿಡವಾದರೂ ಕೆರೆಯಿಂದ ನೇರ ತಂದರೆ ಬಸವನಹುಳು, ಪರೋಪಜೀವಿಗಳೂ ಜೊತೆಗೆ ಬರುತ್ತವೆ, ಆದ್ದರಿಂದ ಬೇರೆ ಬಕೆಟ್ಟಿನಲ್ಲಿ ಕೆಲವು ವಾರ ಇಟ್ಟು ಬಳಸಿ. ಅಗಲ ಎಲೆಯ ಗಿಡವೊಂದು ಮೇಲ್ಮೈಯ ಸಮೀಪದಲ್ಲಿದ್ದರೆ ಮೀನು ಅದರ ಮೇಲೆ ಒರಗಿ ವಿಶ್ರಮಿಸುತ್ತದೆ. ಉದ್ದ ಬಾಲದ ಮೀನಿಗೆ ಅದು ದೊಡ್ಡ ಉಪಕಾರ.

ಬೆಳ್ಳಿಚುಕ್ಕಿ, ಬೆಂಗಳೂರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಹೇಳಿದಂತೆ ಮಾಡಿದೆವು, ಸ್ಪಂಜಿನ ತುಂಡೂ ಒಬ್ಬರಿಂದ ಸಿಕ್ಕಿತು. ಅಮೋನಿಯ, ನೈಟ್ರೈಟ್ ಎರಡೂ ಈಗ ಸೊನ್ನೆ, ಟಿಡಿಎಸ್ 280ರ ಸುತ್ತ ಇದೆ. ಬಾಲದ ಅಂಚಿನಲ್ಲಿ ಪಾರದರ್ಶಕವಾದ ಹೊಸ ಭಾಗ ಬಂದಿದೆ, ಮತ್ತು ಮೇಲ್ಮೈಯಲ್ಲಿ ಒಂದು ಮೂಲೆಗೆ ಗುಳ್ಳೆಗಳ ಗೂಡು ಕಟ್ಟಿದೆ. ಒಂದು ಕೊನೆಯ ಪ್ರಶ್ನೆ: ದಸರಾ ರಜೆಗೆ ಐದು ದಿನ ಊರಿಗೆ ಹೋಗಬೇಕಿದೆ. ಆಹಾರಕ್ಕೆ ಏನು ವ್ಯವಸ್ಥೆ ಮಾಡಲಿ?

ಮಣ್ಣಿನಹರಿವಾಣ, ದಾವಣಗೆರೆ

ಗೂಡು ಕಟ್ಟುವುದು ಗಂಡಿನ ಸಹಜ ವರ್ತನೆ. ಮೀನು ಲವಲವಿಕೆಯಿಂದಿದೆ ಎಂದು ಸಂತೋಷಪಡಬಹುದು, ಆದರೆ ನೀರು ಸರಿಯಿದೆಯೇ ಎಂಬುದಕ್ಕೆ ಅದು ಪುರಾವೆಯಲ್ಲ, ಕೆಟ್ಟ ನೀರಿನಲ್ಲೂ ಕಟ್ಟುತ್ತವೆ. ಅಳೆಯುವುದನ್ನು ಬಿಡಬೇಡಿ.

ಊಟದ ವಿಷಯ: ಆರೋಗ್ಯವಾದ ದೊಡ್ಡ ಬೆಟ್ಟಾ ಐದು ದಿನ ಉಪವಾಸವಿದ್ದರೆ ಏನೂ ಆಗುವುದಿಲ್ಲ. ನಿಧಾನವಾಗಿ ಕರಗುವ ರಜಾದಿನದ ಆಹಾರದ ಬಿಲ್ಲೆಯನ್ನು ಹಾಕಲೇಬೇಡಿ, ಅದು ಕರಗಿ ನೀರನ್ನು ಕೆಡಿಸುತ್ತದೆ. ಪಕ್ಕದ ಮನೆಯವರಿಗೆ ಡಬ್ಬ ಕೊಟ್ಟು ಹೋಗುವುದೂ ಬೇಡ. ಪ್ರೀತಿಯಿಂದಲೇ ಹೆಚ್ಚು ಹಾಕಿಬಿಡುತ್ತಾರೆ. ಕೊಡಲೇಬೇಕೆಂದಿದ್ದರೆ ದಿನಕ್ಕೆ ಮೂರು ಕಾಳಿನಂತೆ ಸಣ್ಣ ಪೊಟ್ಟಣಗಳನ್ನು ಮಾಡಿಕೊಟ್ಟು ಹೋಗಿ. ಹೊರಡುವ ಎರಡು ದಿನ ಮೊದಲು ಕಾಲುಭಾಗ ನೀರು ಬದಲಿಸಿ, ಹೊರಡುವ ದಿನ ಏನನ್ನೂ ಬದಲಿಸಬೇಡಿ. ವಿದ್ಯುತ್ ಹೋದರೆ ಸ್ಪಂಜಿನ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಸಿಗುವುದಿಲ್ಲವಾದ್ದರಿಂದ ಗಾಳಿ ಪಂಪನ್ನು ಯುಪಿಎಸ್ ಇರುವ ಪ್ಲಗ್ಗಿಗೆ ಜೋಡಿಸಿ. ಬಂದ ಮೇಲೆ ಒಂದೆರಡು ಕಾಳಿನಿಂದ ಆರಂಭಿಸಿ. ಹಸಿದಿದೆ ಎಂದು ಒಮ್ಮೆಗೇ ಹೆಚ್ಚು ಹಾಕಿದರೆ ಹೊಟ್ಟೆ ಉಬ್ಬುತ್ತದೆ.